ದಿನಾ ಓಡಿಸೋಕೆ ಹಳೇ ಸ್ಪೋರ್ಟ್ಸ್ ಕಾರು: ಎಂಜಿನ್‌ಗೆ ಮೊದಲು ತುಕ್ಕು ನೋಡಿ

ಹಳೇ ಸ್ಪೋರ್ಟ್ಸ್ ಕಾರು ಕಟ್ಟಿಸಬೇಕು ಅಂತ ಬಂದವರೆಲ್ಲ ಮೊದಲು ಎಂಜಿನ್ ಮಾತೆತ್ತುತ್ತಾರೆ. ನಾನು ಕೇಳೋದು ಬೇರೆ: ದಿನಕ್ಕೆ ಎಷ್ಟು ದೂರ ಓಡಿಸ್ತೀರಿ, ಮಳೆಯಲ್ಲಿ ಎಲ್ಲಿ ನಿಲ್ಲಿಸ್ತೀರಿ? ಈಗಿನ ಕಾರಿನ ಓಡಾಟವನ್ನು ಒಂದು ವಾರ ಬರೆದಿಡಿ. ಕಾರು ಹೇಗಿರಬೇಕು ಅನ್ನೋದು ಅದರಲ್ಲೇ ಗೊತ್ತಾಗುತ್ತೆ.

ಆಮೇಲೆ ಬಾಡಿ. ನನ್ನದು ಎಂಜಿಬಿ, ಬ್ರಿಟನ್ನಿನ ಎಂಜಿ ಕಂಪನಿಯ ಹಳೇ ಸ್ಪೋರ್ಟ್ಸ್ ಕಾರು. ಅದಕ್ಕೆ ಬೇರೆ ಚಾಸಿಸ್ (ಬಾಡಿ ಹೊರುವ ಕೆಳಗಿನ ಚೌಕಟ್ಟು) ಇಲ್ಲ, ಬಾಗಿಲ ಕೆಳಗಿನ ಸಿಲ್‌ಗಳೇ ಭಾರ ಹೊರಬೇಕು. ತೆಳ್ಳನೆ ಬಟ್ಟೆ ಸುತ್ತಿದ ಅಯಸ್ಕಾಂತವನ್ನು ಸಿಲ್ ಉದ್ದಕ್ಕೂ ಎಳೆದೆ. ಹಿಂದಿನ ಚಕ್ರದ ಹತ್ತಿರ ಒಂದು ಗೇಣು ಜಾಗದಲ್ಲಿ ಅದು ಹಿಡಿಯಲೇ ಇಲ್ಲ. ಬಣ್ಣ ಕೆರೆದರೆ ತುಕ್ಕು ತಿಂದ ತಗಡಿನ ಜಾಗದಲ್ಲೆಲ್ಲ ಪುಟ್ಟಿ! ಸಿಲ್ ಬದಲಿಸುವಾಗ ಬಾಗಿಲ ಚೌಕಟ್ಟಿಗೆ ಅಡ್ಡಪಟ್ಟಿ ಬೆಸುಗೆ ಹಾಕಿಸಲೇಬೇಕು. ಇಲ್ಲದಿದ್ದರೆ ಬಾಡಿ ಜಗ್ಗಿ, ಬಾಗಿಲು ಮತ್ತೆ ಸರಿಯಾಗಿ ಕೂರಲ್ಲ.

ಮುಂದಿನ ದುಡ್ಡು ಬ್ರೇಕಿಗೆ. ಶುರುವಿನ ಎಂಜಿಬಿಗಳಲ್ಲಿ ಬ್ರೇಕ್ ಸರ್ಕ್ಯೂಟ್ (ಬ್ರೇಕ್ ಎಣ್ಣೆ ಹರಿಯುವ ಕೊಳವೆ ಸಾಲು) ಒಂದೇ, ಒಂದು ಕಡೆ ಸೋರಿದರೆ ನಾಲ್ಕೂ ಚಕ್ರದ ಬ್ರೇಕ್ ಹೋದಂತೆ. ಎರಡು ಸರ್ಕ್ಯೂಟಿನ ಮಾಸ್ಟರ್ ಸಿಲಿಂಡರ್ (ಪೆಡಲ್ ಒತ್ತಿದಾಗ ಎಣ್ಣೆ ತಳ್ಳುವ ಭಾಗ) ಹಾಕಿಸಿ. ಸೀಟ್ ಬೆಲ್ಟ್‌ಗೆ ಗಟ್ಟಿ ಆಧಾರವನ್ನೂ ಆಗಲೇ ಮಾಡಿಸಿ.

ಟ್ರಾಫಿಕ್‌ನಲ್ಲಿ ನಿಲ್ಲೋ ಕಾರಿಗೆ ದೊಡ್ಡ ರೇಡಿಯೇಟರ್, ಬಿಸಿ ಏರಿದಾಗ ತಾನೇ ಶುರು ಮಾಡೋ ಥರ್ಮೋಸ್ಟಾಟ್ ಇರೋ ಎಲೆಕ್ಟ್ರಿಕ್ ಫ್ಯಾನ್ ಬೇಕು. ಫ್ಯಾನ್ ಕರೆಂಟು ಎಳೆಯುತ್ತೆ, ಕರೆಂಟು ಕೊಡೋ ಹಳೇ ಡೈನಮೊ ತಡೆಯಲ್ಲ, ಅದರ ಬದಲು ಹೆಚ್ಚು ಕರೆಂಟು ಕೊಡೋ ಆಲ್ಟರ್ನೇಟರ್ ಹಾಕಿಸಿ. ಮೊದಲಿನ ಎಂಜಿಬಿಗಳಲ್ಲಿ ಬ್ಯಾಟರಿಯ ಪಾಸಿಟಿವ್ ತುದಿ ಬಾಡಿಗೆ ಅರ್ತ್ ಆಗಿರುತ್ತೆ. ಅದನ್ನು ನೆಗೆಟಿವ್‌ಗೆ ತಿರುಗಿಸದೆ ಹೊಸ ಆಲ್ಟರ್ನೇಟರ್ ಜೋಡಿಸಿದರೆ ಅದರ ಡಯೋಡ್‌ಗಳು (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಭಾಗಗಳು) ಸುಟ್ಟುಹೋಗುತ್ತವೆ.

ಎಂಜಿನ್? 1798 ಸಿಸಿಯ ಮೂಲ ಎಂಜಿನ್ನೇ ದಿನದ ಓಡಾಟಕ್ಕೆ ಸಾಕು. ಮೊದಲು ಒಂದು ವರ್ಷ ಹಾಗೇ ಓಡಿಸಿ.