16 ಪುಟದಲ್ಲಿ ಸೂಪರ್‌ಹೀರೋ ಹುಟ್ಟಿದ ಕಥೆ: ಬಳ್ಳಾರಿ ಸೀಮೆಯ ಕಾಮಿಕ್ಸ್ ಮಾಡುವ ಬಗೆ

ಸೂಪರ್‌ಹೀರೋ ಕಾಮಿಕ್ಸ್ ಮಾಡಹೊರಟವರು ಸಾಮಾನ್ಯವಾಗಿ ಮೊದಲು ಬಿಡಿಸುವುದು ವೇಷವನ್ನು. ಮುಸುಕು, ಎದೆಯ ಮೇಲೊಂದು ಗುರುತು, ಬೆನ್ನ ಹಿಂದೆ ಹಾರಾಡುವ ಬಟ್ಟೆ. ಅದನ್ನು ಕೊನೆಗಿಟ್ಟುಕೊಳ್ಳಿ. ಮೂಲಕಥೆಗೆ ಬೇಕಾದದ್ದು ಮೂರು ಪ್ರಶ್ನೆಗಳ ಉತ್ತರ: ಶಕ್ತಿ ಹೇಗೆ ಬಂತು, ಬಂದ ಹೊಸದರಲ್ಲಿ ಅದನ್ನು ಯಾವ ಸಣ್ಣತನಕ್ಕೆ ಬಳಸಿ ಏನನ್ನು ಕಳೆದುಕೊಂಡರು, ಕಳೆದುಕೊಂಡ ಮೇಲೆ ಏನು ನಿಶ್ಚಯ ಮಾಡಿದರು. ಹೊಸಬರ ಕಥೆಗಳಲ್ಲಿ ಮೊದಲನೆಯದಕ್ಕೆ ಹತ್ತು ಪುಟ, ಮೂರನೆಯದಕ್ಕೆ ಐದು ಪುಟ ಹೋಗಿರುತ್ತದೆ. ಎರಡನೆಯದು ಇರುವುದೇ ಇಲ್ಲ. ಓದುಗರಿಗೆ ಕಥೆ ಹಿಡಿಸದಿದ್ದರೆ ಕಾರಣ ಬಹುಮಟ್ಟಿಗೆ ಇದೇ.

ಹಳೆಯ ಕಥೆಗಳ ಅಳತೆ ತೆಗೆಯಿರಿ

ಬರೆಯುವ ಮೊದಲು ದೊಡ್ಡ ಹೀರೋಗಳ ಮೂಲಕಥೆಗಳನ್ನು ಪುಟ ಎಣಿಸಿ ಓದಿ. ಸೂಪರ್‌ಮ್ಯಾನ್ 1938ರಲ್ಲಿ 'ಆಕ್ಷನ್ ಕಾಮಿಕ್ಸ್'ನ ಮೊದಲ ಸಂಚಿಕೆಯಲ್ಲಿ ಬಂದಾಗ ಅವನ ಹುಟ್ಟಿಗೆ ಸಿಕ್ಕಿದ್ದು ಒಂದೇ ಪುಟ. ನಾಶವಾಗುವ ಗ್ರಹಕ್ಕೆ ಅಲ್ಲಿ ಹೆಸರೂ ಇಲ್ಲ. ದಾರಿಹೋಕನೊಬ್ಬ ಮಗುವನ್ನು ಕಂಡು ಅನಾಥಾಶ್ರಮಕ್ಕೆ ಸೇರಿಸುತ್ತಾನೆ. ಹಾರಾಟವೂ ಇಲ್ಲ, ಇರುವುದು ಒಂದು ಮೈಲಿಯ ಎಂಟನೇ ಒಂದು ಭಾಗ, ಅಂದರೆ ಸುಮಾರು 200 ಮೀಟರ್ ದೂರದ ಜಿಗಿತ. ಇದೇ ಹುಟ್ಟನ್ನು 1986ರಲ್ಲಿ ಜಾನ್ ಬೈರ್ನ್ ಆರು ಸಂಚಿಕೆಗಳಲ್ಲಿ ಹೊಸದಾಗಿ ಹೇಳಿದರು. ಬ್ಯಾಟ್‌ಮ್ಯಾನ್ 1939ರ ಮೇ ಸಂಚಿಕೆಯಲ್ಲಿ ಕಾಣಿಸಿಕೊಂಡರೂ ಅವನ ತಂದೆತಾಯಿಯ ಕೊಲೆಯ ಕಥೆ ಬಂದದ್ದು ಅದೇ ವರ್ಷದ ನವೆಂಬರ್‌ನಲ್ಲಿ, ಎರಡು ಪುಟದಲ್ಲಿ. 1987ರಲ್ಲಿ ಫ್ರಾಂಕ್ ಮಿಲ್ಲರ್ ಮತ್ತು ಡೇವಿಡ್ ಮಝುಕೆಲ್ಲಿ ಅದನ್ನು ನಾಲ್ಕು ಸಂಚಿಕೆಗೆ ಹಿಗ್ಗಿಸಿದಾಗ, ಕಥೆಯ ದೊಡ್ಡ ಪಾಲನ್ನು ಪೊಲೀಸ್ ಅಧಿಕಾರಿ ಗಾರ್ಡನ್ನನ ಕಣ್ಣಿನಿಂದ ಹೇಳಿದರು. ಗೊತ್ತಿರುವ ಕಥೆಯನ್ನು ಮತ್ತೆ ಹೇಳುವವರಿಗೆ ಇದಕ್ಕಿಂತ ಒಳ್ಳೆಯ ಪಾಠ ಸಿಗುವುದು ಕಷ್ಟ: ಘಟನೆ ಅದೇ, ನೋಡುವವರು ಬೇರೆ.

ಸ್ಪೈಡರ್‌ಮ್ಯಾನ್‌ನ 1962ರ ಕಥೆ 11 ಪುಟದ್ದು. ನಮ್ಮ ಅಳತೆಗೆ ಅದೇ ಹತ್ತಿರ. ಜೇಡ ಕಚ್ಚುವುದು, ಹುಡುಗ ದುಡ್ಡಿಗಾಗಿ ಆಟ ತೋರಿಸುವುದು, ಓಡಿಹೋಗುವ ಕಳ್ಳನನ್ನು 'ನನಗೇಕೆ' ಎಂದು ಬಿಟ್ಟುಬಿಡುವುದು, ಅದೇ ಕಳ್ಳ ಚಿಕ್ಕಪ್ಪನನ್ನು ಕೊಲ್ಲುವುದು. ಶಕ್ತಿಯ ಜೊತೆ ಹೊಣೆಯೂ ಬರಬೇಕು ಎಂಬ ಮಾತನ್ನು ಚಿಕ್ಕಪ್ಪನೇ ಆಡಿದ ಎಂದು ಎಲ್ಲರೂ ನಂಬಿದ್ದಾರೆ. ಮೂಲದಲ್ಲಿ ಅದು ಕೊನೆಯ ಚಿತ್ರಚೌಕದ ನಿರೂಪಣೆಯ ಸಾಲು. ಚಿಕ್ಕಪ್ಪನ ಬಾಯಿಗೆ ಬಂದದ್ದು ಆಮೇಲಿನ ಮರುಹೇಳಿಕೆಗಳಲ್ಲಿ.

ಒಬ್ಬ ಹೀರೋನ ಎರಡು ಮರುಹೇಳಿಕೆಗಳನ್ನು ಪಕ್ಕಪಕ್ಕ ಇಟ್ಟು, ಎರಡರಲ್ಲೂ ಇರುವುದನ್ನು ಮಾತ್ರ ಐದು ಸಾಲಿನಲ್ಲಿ ಬರೆಯಿರಿ. ಅದು ಕಥೆಯ ಎಲುಬು. ಉಳಿದದ್ದನ್ನು ನೀವು ಧಾರಾಳವಾಗಿ ಬದಲಿಸಬಹುದು.

ಆದರೆ ಈ ಹೀರೋಗಳನ್ನೇ ಬಿಡಿಸಿ ಮಾರುವಂತಿಲ್ಲ, ಅವರ ಹೆಸರು, ರೂಪ ಎರಡಕ್ಕೂ ಮಾಲೀಕರಿದ್ದಾರೆ. ಕೈ ಪಳಗಿಸಲು ಮನೆಯಲ್ಲಿ ಬಿಡಿಸಿ, ಅಚ್ಚಿಗೆ ನಿಮ್ಮದೇ ಪಾತ್ರ ಇರಲಿ. ಹಳೆಯ ಕಥೆಯೇ ಬೇಕೆಂದರೆ ಗಂಗಾವತಿ ತಾಲ್ಲೂಕಿನ ಅಂಜನಾದ್ರಿ ಇದೆ. ಸೂರ್ಯನನ್ನು ಹಣ್ಣೆಂದು ಹಿಡಿಯಹೋಗಿ ಇಂದ್ರನ ವಜ್ರದ ಏಟಿಗೆ ದವಡೆ ಒಡೆಸಿಕೊಂಡ ಮಗುವಿನ ಕಥೆಯಲ್ಲಿ ಶಕ್ತಿ, ತಪ್ಪು, ದಂಡ ಮೂರೂ ಸಿದ್ಧವಾಗಿವೆ. ಪುರಾಣ ಎಲ್ಲರ ಸ್ವತ್ತು. ಯಾವುದೋ ಪ್ರಕಾಶಕರು ಅದಕ್ಕೆ ಬಿಡಿಸಿದ ಚಿತ್ರ ಮಾತ್ರ ಅವರದ್ದೇ, ನೋಡಿ ನಕಲು ಮಾಡಬೇಡಿ.

ಶಕ್ತಿ ನೆಲದಿಂದ ಬರಲಿ

ಪ್ರಯೋಗಾಲಯ, ವಿಕಿರಣ, ಬೇರೆ ಗ್ರಹ ಎಲ್ಲ ಬೇರೆಯವರು ಉತ್ತು ಬಿತ್ತಿದ ಹೊಲ. ಬಳ್ಳಾರಿ, ಕೊಪ್ಪಳ, ರಾಯಚೂರು ಜಿಲ್ಲೆಗಳಲ್ಲಿ ಕಾರಣಗಳಿಗೆ ಬರವಿಲ್ಲ. ಕುಡತಿನಿಯ ಬೂದಿದಿಬ್ಬ ಇದೆ, ಹಟ್ಟಿಯ ಚಿನ್ನದ ಗಣಿ ಇದೆ, ಹಿರೇಬೆಣಕಲ್ಲಿನ ಬೆಟ್ಟದ ಮೇಲೆ ಬೃಹತ್ ಶಿಲಾಯುಗದ ಕಲ್ಲುಮನೆಗಳಿವೆ, ಶಕ್ತಿನಗರದಲ್ಲಿ 1,720 ಮೆಗಾವಾಟ್‌ನ ವಿದ್ಯುತ್ ಸ್ಥಾವರವಿದೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 33 ಗೇಟುಗಳಲ್ಲಿ 19ನೆಯದು ಚೈನು ಕಡಿದು ಕೊಚ್ಚಿಹೋದದ್ದು ಎಲ್ಲರಿಗೂ ನೆನಪಿದೆ. ಇಂಥ ನಿಜಘಟನೆ ಬಳಸಿದರೆ ತಾರೀಖು, ಗೇಟಿನ ನಂಬರು ತಪ್ಪಬಾರದು. ಓದುವವರಲ್ಲಿ ಒಬ್ಬರಾದರೂ ಅವತ್ತು ಡ್ಯಾಮಿನ ಹತ್ತಿರ ನಿಂತವರಿರುತ್ತಾರೆ.

ಇಲ್ಲಿ ಮಾದರಿಗೆ ತೆಗೆದುಕೊಂಡಿರುವುದು ಬಳ್ಳಾರಿ ಪಕ್ಕದ ಸಂಗನಕಲ್ಲು–ಕಪ್ಪಗಲ್ಲಿನ ಗುಡ್ಡ. ಅಲ್ಲಿನ ಕರಿಕಲ್ಲಿನ ಕೆಲವು ಬಂಡೆಗಳು ಬಡಿದರೆ ಗಂಟೆಯಂತೆ ದನಿ ಕೊಡುತ್ತವೆ. ನವಶಿಲಾಯುಗದವರು ಬಡಿದ ಗುರುತುಗಳೂ, ಕೊರೆದ ದನ, ಮನುಷ್ಯರ ಚಿತ್ರಗಳೂ ಅವುಗಳ ಮೇಲಿವೆ. (ಚಿತ್ರದಲ್ಲಿ ಬಡಿಸಿ, ಅಲ್ಲಿಗೆ ಹೋದಾಗ ನೀವು ಬಡಿಯಬೇಡಿ, ಸುಣ್ಣ ಬಳಿದು ಫೋಟೋ ತೆಗೆಯಬೇಡಿ.) ಹದಿನೈದರ ಈರಮ್ಮ ಅಂಥ ಬಂಡೆಗೆ ಕಿವಿಗೊಟ್ಟು ಮಲಗಿದ್ದಾಗ ದೂರದ ಕ್ವಾರಿಯಲ್ಲಿ ಮದ್ದು ಸಿಡಿಯುತ್ತದೆ. ಅಂದಿನಿಂದ ಕಲ್ಲಿನೊಳಗಿನ ಬಿರುಕು ಅವಳಿಗೆ ಕೇಳಿಸತೊಡಗುತ್ತದೆ.

ಶಕ್ತಿ ಕೊಟ್ಟ ಕೂಡಲೇ ಮಿತಿಯನ್ನೂ ಬರೆದಿಡಿ, ಇಲ್ಲದಿದ್ದರೆ ಎರಡನೇ ಸಂಚಿಕೆಯಲ್ಲಿ ಕಥೆ ಸಾಯುತ್ತದೆ. ಈರಮ್ಮನಿಗೆ ಬರಿಗಾಲಲ್ಲಿ ಅಖಂಡ ಬಂಡೆಯ ಮೇಲೆ ನಿಂತರಷ್ಟೇ ಕೇಳಿಸುತ್ತದೆ. ಸಿರುಗುಪ್ಪದ ಕಡೆಯ ಎರೆನೆಲಕ್ಕೆ ಇಳಿದರೆ ಪೂರ್ತಿ ಕಿವುಡು. ಹೀಗೆ ಮಿತಿ ನೆಲದಿಂದಲೇ ಬಂದರೆ ಮುಂದಿನ ಸಂಚಿಕೆ ಎಲ್ಲಿ ನಡೆಯಬೇಕೆಂಬುದನ್ನು ನಕ್ಷೆಯೇ ಹೇಳುತ್ತದೆ.

ಪುಟ ಹಂಚುವುದು

ನಡುವೆ ಪಿನ್ ಹೊಡೆಯುವ ಪುಸ್ತಕದ ಪುಟಗಳು ನಾಲ್ಕರ ಮಗ್ಗಿಯಲ್ಲೇ ಇರಬೇಕು. ಒಳಪುಟ 16, ಹೊದಿಕೆ 4: ಎಫೋರ್ (A4) ಹಾಳೆ ಐದು, ಮಡಚಿದರೆ ಎಫೈವ್ (A5) ಪುಸ್ತಕ. 17ನೇ ಪುಟ ಬೇಕೆನಿಸಿದರೆ ಕಥೆ ಕತ್ತರಿಸಿ, ಹಾಳೆ ಸೇರಿಸಬೇಡಿ.

ಬೆಸ ಪುಟ ಬಲಗಡೆ, ಸಮ ಪುಟ ಎಡಗಡೆ. ಓದುಗರನ್ನು ಬೆಚ್ಚಿಬೀಳಿಸುವ ಚಿತ್ರ ಸಮ ಪುಟದಲ್ಲಿರಲಿ. ಬೆಸ ಪುಟದಲ್ಲಿಟ್ಟರೆ ಎಡಪುಟ ಓದುವಾಗಲೇ ಕಣ್ಣು ಅತ್ತ ಹೋಗಿ ಗುಟ್ಟು ರಟ್ಟಾಗುತ್ತದೆ. ಎರಡು ಪುಟಕ್ಕೆ ಹರಡುವ ದೊಡ್ಡ ಚಿತ್ರಕ್ಕೆ 8–9 ಒಂದೇ ಜಾಗ, ಏಕೆಂದರೆ ಒಂದೇ ಹಾಳೆಯ ಒಂದೇ ಮೈಯಲ್ಲಿ ಅಕ್ಕಪಕ್ಕ ಬರುವ ಪುಟಗಳು ಅವೆರಡೇ. ಬೇರೆಡೆ ಹರಡಿದರೆ ಮಡಿಕೆಯಲ್ಲಿ ಗೆರೆ ಒಂದೆರಡು ಮಿಲಿಮೀಟರ್ ಮೇಲೆಕೆಳಗಾಗಿ ಮುಖ ಸೊಟ್ಟಗಾಗುತ್ತದೆ.

ಈರಮ್ಮನ ಕಥೆ ಹೀಗೆ ಕೂರುತ್ತದೆ. ಪುಟ 1ರಲ್ಲಿ ಬಂಡೆಗೆ ಒತ್ತಿದ ಕಿವಿಯ ಒಂದೇ ಚಿತ್ರ. 2–3 ಮನೆ, ಜೀನ್ಸ್ ಹೊಲಿಯುವ ಅವ್ವ, ಕ್ವಾರಿಗೆ ಹೋಗುವ ಮಾಮ. 4ರಲ್ಲಿ ಸಿಡಿತ, 5ರಲ್ಲಿ ಮೊದಲ ಸಲ ಬಿರುಕಿನ ದನಿ. 6ರಲ್ಲಿ ಯಾವ ಕಲ್ಲು ಎಲ್ಲಿ ಸೀಳುತ್ತದೆಂದು ಪಂದ್ಯ ಕಟ್ಟಿ ದುಡ್ಡು ಗೆಲ್ಲುವುದು, ಇದೇ ಆ ಸಣ್ಣತನ. 7ರಲ್ಲಿ ಎಚ್ಚರಿಕೆ:

'ಮಾಮಾ, ಇವತ್ತು ಕೆಳಗ ಇಳೀಬ್ಯಾಡ್ರಿ. ಕಲ್ಲು ಒಡದೈತಿ.'
'ಎಷ್ಟು ರೂಪಾಯಿ ಪಂದ್ಯನವ್ವಾ ಇದು?'

ಪುಟ ತಿರುಗಿಸಿದರೆ 8–9ರಲ್ಲಿ ಕುಸಿಯುವ ಬಂಡೆಗೋಡೆ, ಮಾತಿಲ್ಲ. 10ರಿಂದ 12 ಆಸ್ಪತ್ರೆ, ಮನೆಯ ಮೌನ, ಗೆದ್ದ ದುಡ್ಡು. 13ರಲ್ಲಿ ನಿಶ್ಚಯ, 14–15ರಲ್ಲಿ ಮೊದಲ ಕೆಲಸ. 16ರಲ್ಲಿ ಮುಂದಿನ ಸಂಚಿಕೆಯ ಕೊಂಡಿ. 12ನ್ನು ಸಂಭಾಷಣೆಯಿಂದ ತುಂಬಬೇಡಿ. ತಪ್ಪಾಯಿತೆಂದು ಅಳುವ ಹುಡುಗಿಗಿಂತ, ಮಡಚಿದ ನೋಟುಗಳನ್ನು ಡಬ್ಬಿಯಿಂದ ತೆಗೆದು ಅವ್ವನ ಹೊಲಿಗೆ ಯಂತ್ರದ ಕೆಳಗೆ ತುರುಕುವ ಕೈ ಹೆಚ್ಚು ಹೇಳುತ್ತದೆ.

ಚಿತ್ರ

ಎಫೈವ್‌ಗೆ ಅಚ್ಚಾಗುವುದನ್ನು ಎಫೋರ್‌ನಲ್ಲಿ ಬಿಡಿಸಿ. 130ರಿಂದ 150 ಜಿಎಸ್ಎಂ ಕಾರ್ಟ್ರಿಜ್ ಹಾಳೆ ಸಾಕು, ಮಾಮೂಲಿ ಝೆರಾಕ್ಸ್ ಹಾಳೆಯಲ್ಲಿ ಶಾಯಿ ಹರಡುತ್ತದೆ. ಚಿತ್ರ ಶೇ 71ಕ್ಕೆ ಕುಗ್ಗುವುದರಿಂದ 0.1ರ ಪೆನ್ನಿನ ಗೆರೆ ಅಚ್ಚಿನಲ್ಲಿ ಮಾಯವಾಗುತ್ತದೆ. ಹೊರಗೆರೆಗೆ 0.5, ಒಳವಿವರಕ್ಕೆ 0.3, ಚೌಕದ ಗೆರೆಗೆ 0.8 ಇರಲಿ. ಪುಟಕ್ಕೆ ನಾಲ್ಕರಿಂದ ಆರು ಚೌಕ. ಒಂಬತ್ತು ಚೌಕದ ವಿನ್ಯಾಸ ನೋಡಲು ಚೆಂದ, ಆದರೆ ಎಫೈವ್‌ನಲ್ಲಿ ಕನ್ನಡದ ಮಾತು ಹಿಡಿಸುವುದಿಲ್ಲ.

ವೇಷಕ್ಕೆ ಈಗ ಬನ್ನಿ. ಪಾತ್ರವನ್ನು ಪೂರ್ತಿ ಕಪ್ಪು ತುಂಬಿ ನೋಡಿ: ನೆರಳಿನಲ್ಲೇ ಯಾರೆಂದು ಗುರುತಾಗಬೇಕು, ತೊಗಲುಗೊಂಬೆಯಾಟದ ಪರದೆಯ ಮೇಲೆ ಹನುಮಂತನೂ ರಾವಣನೂ ಆಗುವ ಹಾಗೆ. ಈರಮ್ಮನಿಗೆ ಬರಿಗಾಲು, ಬಿಗಿದ ಜಡೆ, ಹಳೆ ಜೀನ್ಸ್ ತುಂಡುಗಳ ಮೇಲಂಗಿ ಸಾಕು.

ಏಪ್ರಿಲ್–ಮೇ ಬಿಸಿಲಿನಲ್ಲಿ ಎರಡು ತೊಂದರೆ ಖಾತ್ರಿ. ಅಂಗೈ ಬೆವರಿಗೆ ಪೆನ್ಸಿಲ್ ಅಳಿಸುತ್ತದೆ, ಕೈಕೆಳಗೆ ಬೇರೆ ಹಾಳೆ ಇಟ್ಟುಕೊಳ್ಳಿ. ಫ್ಯಾನಿನ ಗಾಳಿಗೆ ನಿಬ್ಬಿನಲ್ಲೇ ಶಾಯಿ ಒಣಗುತ್ತದೆ, ಐದಾರು ಗೆರೆಗೊಮ್ಮೆ ಒದ್ದೆ ಬಟ್ಟೆಯಲ್ಲಿ ಒರೆಸಿ. ಸಂಡೂರು, ತೋರಣಗಲ್ಲು ಕಡೆಯವರು ಸ್ಕ್ಯಾನರ್ ಗಾಜನ್ನು ಪ್ರತಿ ಹಾಳೆಗೂ ಒರೆಸಬೇಕು. ಅದಿರಿನ ಕೆಂಪು ಧೂಳು ಕಪ್ಪು–ಬಿಳುಪಿಗೆ ಬದಲಿಸಿದಾಗ ಕಪ್ಪು ಚುಕ್ಕೆಯಾಗಿ ನಿಲ್ಲುತ್ತದೆ, ಮುಖಕ್ಕೆಲ್ಲ ಮಚ್ಚೆ. ಗೆರೆಚಿತ್ರಕ್ಕೆ ಸ್ಕ್ಯಾನ್ 600 ಡಿಪಿಐ, ಬಣ್ಣದ ಹೊದಿಕೆಗೆ 300.

ಅಕ್ಷರ

ಕನ್ನಡ ಕಾಮಿಕ್ಸ್ ಹೆಚ್ಚಾಗಿ ಕೆಡುವುದು ಇಲ್ಲಿ. ಇಂಗ್ಲಿಷ್ ಕಾಮಿಕ್ಸ್‌ನ ಮಾತಿನ ಗುಳ್ಳೆಯ ಅಳತೆ ನಮಗೆ ಒಗ್ಗುವುದಿಲ್ಲ. ನಮ್ಮ ಅಕ್ಷರಕ್ಕೆ ಮೇಲೆ ಗುಣಿತ, ಕೆಳಗೆ ಒತ್ತು. ಸಾಲಿನ ಅಂತರ ಅಕ್ಷರದ ಅಳತೆಯ ಒಂದೂವರೆ ಪಟ್ಟು ಬೇಕು, ಅಂದರೆ 10 ಪಾಯಿಂಟ್‌ಗೆ 15. ಕಡಿಮೆ ಮಾಡಿದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಅಚ್ಚಿನಲ್ಲಿ 9 ಪಾಯಿಂಟ್‌ಗಿಂತ ಸಣ್ಣದು ಬೇಡ. ಕೈಯಲ್ಲೇ ಬರೆಯುವವರು ಎಫೋರ್ ಮೂಲದಲ್ಲಿ ಅಕ್ಷರದ ಮೈಯನ್ನು 3.5ರಿಂದ 4 ಮಿಲಿಮೀಟರ್ ಇಟ್ಟುಕೊಂಡು ಗುಣಿತ, ಮೈ, ಒತ್ತು ಮೂರಕ್ಕೂ ಬೇರೆ ಬೇರೆ ಗೆರೆ ಎಳೆದುಕೊಳ್ಳಲಿ.

ಒಂದು ಚೌಕಕ್ಕೆ 15–18 ಪದ ಮೇಲ್ಮಿತಿ. ಗುಳ್ಳೆ ಎತ್ತರಕ್ಕಿಂತ ಅಗಲವಾಗಿರಲಿ, ಕಿರಿದಾದ ಗುಳ್ಳೆಯಲ್ಲಿ 'ಓಡಿಹೋಗುತ್ತಿದ್ದವನನ್ನು' ಎಂಬ ಒಂದೇ ಪದ ಮೂರು ತುಂಡಾಗುತ್ತದೆ. ಇಲ್ಲಿ ಊರ ಮಾತು ಕೈಹಿಡಿಯುತ್ತದೆ. 'ಹೋಗುತ್ತಿದ್ದೇನೆ' ಹಿಡಿಸದ ಕಡೆ 'ಹೊಂಟೀನಿ' ಆರಾಮಾಗಿ ಕೂರುತ್ತದೆ. ಸಂಭಾಷಣೆ ಆಡುಮಾತಿನಲ್ಲಿ, ನಿರೂಪಣೆಯ ಪಟ್ಟಿ ಬರಹದ ಕನ್ನಡದಲ್ಲಿ ಇದ್ದರೆ ಯಾರು ಮಾತಾಡುತ್ತಿದ್ದಾರೆಂದು ಗುಳ್ಳೆಯ ಬಾಲ ನೋಡದೆಯೂ ತಿಳಿಯುತ್ತದೆ. ಕೊಪ್ಪಳದ ಅಜ್ಜಿ, ಬಳ್ಳಾರಿ ಪೇಟೆಯ ಹುಡುಗ, ರಾಯಚೂರಿನ ಆಟೋದವನು ಒಂದೇ ಥರ ಮಾತಾಡಬಾರದು. ಬಳ್ಳಾರಿಯವನ ಬಾಯಲ್ಲಿ ತೆಲುಗು, ರಾಯಚೂರಿನವನ ಬಾಯಲ್ಲಿ ಅದರ ಜೊತೆಗೆ ಉರ್ದುವೂ ಇಣುಕಲಿ. ಮೊದಲು ಮಾತಾಡುವವರ ಗುಳ್ಳೆ ಎಡ ಮೇಲ್ಮೂಲೆಗೆ ಬರಬೇಕು. ಇದನ್ನು ಪೆನ್ಸಿಲ್ ಹಂತದಲ್ಲೇ ತೀರ್ಮಾನಿಸದಿದ್ದರೆ ಆಮೇಲೆ ಗುಳ್ಳೆ ಯಾರದೋ ತಲೆ ಮೇಲೆ ಕೂರುತ್ತದೆ.

ಸದ್ದಿಗೆ ಇಂಗ್ಲಿಷ್ ಕಡೆ ನೋಡುವ ಅಗತ್ಯವೇ ಇಲ್ಲ. ಬಿರುಕಿಗೆ 'ಚಟ್', ಸೀಳಿಗೆ 'ಚಟಾರ್', ಕುಸಿತಕ್ಕೆ 'ಧಡಧಡ', ಬಂಡೆಯ ದನಿಗೆ 'ಠಂಯ್'. ನಮ್ಮಲ್ಲಿ ದೊಡ್ಡಕ್ಷರ ಸಣ್ಣಕ್ಷರವಿಲ್ಲ, ಜೋರನ್ನು ದಪ್ಪ ಮತ್ತು ಅಳತೆಯಿಂದಲೇ ತೋರಿಸಬೇಕು.

ಕಂಪ್ಯೂಟರಿನಲ್ಲಿ ಯೂನಿಕೋಡ್ ಅಕ್ಷರವನ್ನೇ ಬಳಸಿ. ಮಾತಿಗೆ ಬಾಲೂ ತಮ್ಮ, ಶೀರ್ಷಿಕೆಗೆ ಅಕಾಯ ಕನಡಕ ಚೆನ್ನಾಗಿ ಕಾಣುತ್ತವೆ, ಎರಡೂ ಪುಕ್ಕಟೆ. ಹಳೆಯ ಫೋಟೋಶಾಪ್‌ನಲ್ಲಿ ಒತ್ತಕ್ಷರ ಒಡೆದು ಬಿಡಿಬಿಡಿಯಾಗಿ ಕಂಡರೆ ಅಕ್ಷರದ ತಪ್ಪಲ್ಲ. ಸೆಟ್ಟಿಂಗ್ಸ್‌ನಲ್ಲಿ ದಕ್ಷಿಣ ಏಷ್ಯಾ ಭಾಷೆಗಳ ಆಯ್ಕೆ ಆನ್ ಆಗಿರುವುದಿಲ್ಲ. ಇಂಕ್‌ಸ್ಕೇಪ್‌ನಲ್ಲಿ ಈ ತಲೆನೋವಿಲ್ಲ.

ಅಚ್ಚು

ಡಿಟಿಪಿ ಅಂಗಡಿಗೆ ವರ್ಡ್ ಫೈಲಾಗಲಿ ತಿದ್ದಬಹುದಾದ ಫೈಲಾಗಲಿ ಕೊಡಬೇಡಿ. ಅಲ್ಲಿನ ಹಳೆಯ 'ನುಡಿ' ತಂತ್ರಾಂಶದ ಅಕ್ಷರಕ್ಕೆ ಬದಲಿಸುವಾಗ ಅರ್ಕಾವತ್ತು, ಒತ್ತು ಜಾಗ ತಪ್ಪುತ್ತವೆ. ಅಕ್ಷರಗಳನ್ನು ಗೆರೆಗಳಾಗಿ ಪರಿವರ್ತಿಸಿ ಪಿಡಿಎಫ್ ಕೊಡಿ. ಅಂಚಿನವರೆಗೆ ಹೋಗುವ ಚಿತ್ರ ಸುತ್ತ 3 ಮಿಲಿಮೀಟರ್ ಹೆಚ್ಚಿರಲಿ, ಮಾತು ಅಂಚಿನಿಂದ 8 ಮಿಲಿಮೀಟರ್ ಒಳಗಿರಲಿ. ಒಳಗೆ 80 ಜಿಎಸ್ಎಂ ಮ್ಯಾಪ್‌ಲಿಥೋ, ಹೊದಿಕೆಗೆ 250 ಜಿಎಸ್ಎಂ ಆರ್ಟ್ ಕಾರ್ಡ್.

ಪ್ರಿಂಟ್ ಕೊಡುವಾಗ ಬುಕ್‌ಲೆಟ್ ಆಯ್ಕೆ ಮಾಡಿ, ಹಾಳೆಯನ್ನು ಗಿಡ್ಡ ಅಂಚಿನಲ್ಲಿ ತಿರುಗಿಸುವಂತೆ ಹೇಳಿ. ಉದ್ದ ಅಂಚಿನಲ್ಲಿ ತಿರುಗಿಸಿದರೆ ಹಿಂಬದಿಯ ಪುಟಗಳೆಲ್ಲ ತಲೆಕೆಳಗು. ಮೊದಲ ಹಾಳೆಯ ಒಂದು ಮೈಯಲ್ಲಿ 16 ಮತ್ತು 1, ಇನ್ನೊಂದರಲ್ಲಿ 2 ಮತ್ತು 15 ಬಂದಿದ್ದರೆ ಸರಿ. ಒಂದೇ ಪ್ರತಿ ತೆಗೆಸಿ, ಸೆಂಟರ್ ಪಿನ್ ಹೊಡೆಸಿ, ಕಾಮಿಕ್ಸ್ ಓದದವರ ಕೈಗೆ ಕೊಟ್ಟು ಸುಮ್ಮನೆ ಕುಳಿತು ನೋಡಿ. ಅವರು ಹಿಂದಿನ ಪುಟಕ್ಕೆ ಮರಳಿದ ಕಡೆ ಪೆನ್ಸಿಲ್ಲಿನಲ್ಲಿ ಗುರುತು ಹಾಕಿಕೊಳ್ಳಿ. ಆ ಪುಟಗಳನ್ನು ತಿದ್ದಿದ ಮೇಲೆಯೇ ಉಳಿದ ಪ್ರತಿಗಳಿಗೆ ಹೇಳಿ.