ನಿಮ್ಮ ದಿನಚರಿಗೆ ಒಗ್ಗುವ ನಾಯಿ ತಳಿ ಯಾವುದು? ಆರಿಸುವುದು ಹೀಗೆ

ನಾಯಿ ತಳಿ ಆರಿಸುವಾಗ ಹೆಚ್ಚಿನವರು ಹಿಡಿಯುವುದು ಉಲ್ಟಾ ದಾರಿ. ಮೊದಲು ಒಂದು ಫೋಟೊ ಕಣ್ಣಿಗೆ ಬೀಳುತ್ತದೆ. ನೀಲಿ ಕಣ್ಣಿನ ಹಸ್ಕಿಯೋ, ಚಪ್ಪಟೆ ಮೂತಿಯ ಪಗ್ಗೋ, ಮನಸ್ಸು ಅಲ್ಲೇ ಕೂತುಬಿಡುತ್ತದೆ. ಅದು ನಮ್ಮ ಮನೆಗೆ ಹೊಂದುತ್ತದೆ ಎನ್ನಲು ಕಾರಣ ಹುಡುಕುವುದು ಆಮೇಲೆ. ಹುಡುಕಲು ಕೂತರೆ ಕಾರಣಗಳಿಗೇನು ಬರ? ಆರು ತಿಂಗಳು ಕಳೆಯುವಷ್ಟರಲ್ಲಿ ಸೋಫಾದ ಸ್ಪಂಜು ಹೊರಬಂದಿರುತ್ತದೆ, ಬೊಗಳುವ ವಿಷಯಕ್ಕೆ ಪಕ್ಕದ ಮನೆಯವರು ಮಾತು ಬಿಟ್ಟಿರುತ್ತಾರೆ. ‘ಯಾರಾದರೂ ಒಳ್ಳೆಯವರಿದ್ದರೆ ಹೇಳಿ, ಕೊಟ್ಟುಬಿಡ್ತೀವಿ’ ಎಂಬ ಫೋನು ಬರುವುದು ಆಗಲೇ. ನಾಯಿ ಸಾಕಿದವರಿಗೆಲ್ಲ ಈ ಫೋನು ಪರಿಚಿತ.

ಹೆಜ್ಜೆ 1: ಒಂದು ವಾರ ಲೆಕ್ಕ ಬರೆಯಿರಿ

ಮನೆಯಲ್ಲಿ ಯಾರು, ಎಷ್ಟು ಹೊತ್ತಿಗೆ ಇರುತ್ತಾರೆ, ಮನೆ ಖಾಲಿ ಇರುವುದು ಎಷ್ಟು ಗಂಟೆ, ನೀವು ನಿಜಕ್ಕೂ ಎಷ್ಟು ನಡೆಯುತ್ತೀರಿ, ಇಷ್ಟನ್ನು ಏಳು ದಿನ ಗುರುತು ಹಾಕಿಕೊಳ್ಳಿ. ‘ನಾಯಿ ಬಂದರೆ ನಾನೂ ದಿನಾ ಓಡುತ್ತೇನೆ’ ಎನ್ನುವವರ ಮಾತನ್ನು ನಾನು ನಂಬುವುದಿಲ್ಲ. ಈಗ ಓಡದವರು ಆಗಲೂ ಓಡುವುದಿಲ್ಲ. ರಜೆಯ ದಿನದ ಉತ್ಸಾಹ ಬಿಟ್ಟು, ಜ್ವರ ಬಂದ ಮಂಗಳವಾರ ನಾಯಿಯನ್ನು ಹೊರಗೆ ಕರೆದೊಯ್ಯುವವರು ಯಾರು ಎಂದು ಕೇಳಿಕೊಳ್ಳಿ. ‘ಮಕ್ಕಳು ನೋಡಿಕೊಳ್ಳುತ್ತಾರೆ’ ಎಂಬುದು ಉತ್ತರವಾಗಿದ್ದರೆ, ಅಲ್ಲಿ ದೊಡ್ಡವರೊಬ್ಬರ ಹೆಸರು ಬರೆಯಿರಿ.

ಹೆಜ್ಜೆ 2: ತಳಿಯ ಹಳೇ ಕಸುಬು ತಿಳಿಯಿರಿ

ಎಲ್ಲರೂ ಎಡವುವ ಜಾಗ ಇದು. ತಳಿ ಎಂದರೆ ಬಣ್ಣ, ಕಿವಿ, ಬಾಲದ ಆಕಾರ ಎಂದುಕೊಂಡಿರುತ್ತೇವೆ. ಆದರೆ ಬಹುಪಾಲು ತಳಿಗಳನ್ನು ಮನುಷ್ಯ ರೂಪಿಸಿದ್ದು ಒಂದು ಕೆಲಸಕ್ಕಾಗಿ. ಕೆಲಸ ಹೋದರೂ ಅದರ ತುಡಿತ ಹೋಗಿಲ್ಲ. ಆದ್ದರಿಂದ ತಳಿಯ ಬಗ್ಗೆ ಓದುವಾಗ ‘ಪ್ರೀತಿಯ, ನಿಷ್ಠಾವಂತ, ಬುದ್ಧಿವಂತ’ ಎಂಬ ಸಾಲುಗಳನ್ನು ಹಾರಿಸಿ. ಅವು ಎಲ್ಲ ನಾಯಿಗೂ ಬರೆಯುವ ಸಾಲುಗಳು. ಇದನ್ನು ಯಾವ ಕೆಲಸಕ್ಕೆ ಸಾಕುತ್ತಿದ್ದರು, ಆ ಕೆಲಸವನ್ನು ಅದು ನಮ್ಮ ಹಜಾರದಲ್ಲಿ ಮಾಡಿದರೆ ಹೇಗಿರುತ್ತದೆ, ಇವೆರಡನ್ನು ಮಾತ್ರ ಕೇಳಿ.

ಬಾರ್ಡರ್ ಕೋಲಿಯನ್ನೇ ನೋಡಿ. ಇಂಗ್ಲೆಂಡ್-ಸ್ಕಾಟ್ಲೆಂಡ್ ಗಡಿಯ ಗುಡ್ಡಗಳಲ್ಲಿ ಕುರಿ ಕಾಯಲು ಬೆಳೆದ ತಳಿ. ಕುರಿಯಿಲ್ಲದ ಮನೆಯಲ್ಲಿ ಅದು ಏನು ಮಾಡುತ್ತದೆಂದು ಪರಿಚಿತರೊಬ್ಬರ ಮನೆಯಲ್ಲಿ ಕಣ್ಣಾರೆ ಕಂಡಿದ್ದೇನೆ. ಮಕ್ಕಳು ಓಡಾಡತೊಡಗಿದ ಕೂಡಲೇ ನಾಯಿ ತಲೆ ತಗ್ಗಿಸಿ, ಹೊಟ್ಟೆ ನೆಲಕ್ಕೆ ತಾಗುವಷ್ಟು ಬಗ್ಗಿ, ರೆಪ್ಪೆ ಬಡಿಯದೆ ದಿಟ್ಟಿಸಿತು. ಆಮೇಲೆ ಅರ್ಧ ಸುತ್ತು ಬಳಸಿ ಹೋಗಿ ಚಿಕ್ಕವನ ಹಿಮ್ಮಡಿಗೆ ಹಲ್ಲು ತಾಗಿಸಿತು. ಗಾಯವೇನೂ ಆಗಲಿಲ್ಲ, ಆದರೆ ಮೂರೂ ಮಕ್ಕಳು ಮೂಲೆಗೆ ಸೇರಿದ್ದರು. ಮನೆಯವರು ‘ಕಚ್ಚುವ ನಾಯಿ’ ಎಂದು ಹೆದರಿದರು. ಅದು ಮಾಡಿದ್ದು ತನ್ನ ನೌಕರಿಯನ್ನು.

ಇಂಥ ನಾಯಿಯನ್ನು ‘ಸುಸ್ತು ಮಾಡಿಸಿದರೆ ಸರಿಹೋಗುತ್ತದೆ’ ಎಂದು ಚೆಂಡೆಸೆದು ಓಡಿಸುವವರಿದ್ದಾರೆ. ಸರಿಹೋಗುವುದಿಲ್ಲ. ದಿನಾ ಓಡಿಸಿದರೆ ಅದರ ದಮ್ಮು ಹೆಚ್ಚುತ್ತದೆ, ಮುಂದಿನ ತಿಂಗಳು ಇನ್ನೂ ಹೆಚ್ಚು ಓಡಿಸಬೇಕಾಗುತ್ತದೆ. ಅದಕ್ಕೆ ಬೇಕಿರುವುದು ತಲೆಗೆ ಕೆಲಸ. ಊಟವನ್ನು ಬಟ್ಟಲಿಗೆ ಹಾಕುವ ಬದಲು ಹುಲ್ಲಿನಲ್ಲಿ ಚೆಲ್ಲಿ ಹುಡುಕಿಸಿ, ವಸ್ತುಗಳ ಹೆಸರು ಕಲಿಸಿ, ಅಡಗಿಸಿಟ್ಟದ್ದನ್ನು ಮೂಸಿ ತರಿಸಿ. ಇದಕ್ಕೆ ದಿನವೂ ಪುರಸೊತ್ತು ಇರುವವರು ಮಾತ್ರ ಕೋಲಿಯ ಆಸೆ ಇಟ್ಟುಕೊಳ್ಳಲಿ. ಬೆಲ್ಜಿಯನ್ ಮ್ಯಾಲಿನ್ವಾ ವಿಷಯದಲ್ಲಂತೂ ಇದು ಎರಡು ಪಟ್ಟು ನಿಜ. ಪೊಲೀಸರ, ಸೈನ್ಯದ ನಾಯಿಯನ್ನು ಮೊದಲ ನಾಯಿಯಾಗಿ ತರಬೇಡಿ.

ಸೈಬೀರಿಯನ್ ಹಸ್ಕಿ ಹಿಮದ ಮೇಲೆ ಜಾರುಬಂಡಿ ಎಳೆಯುತ್ತ ದೂರದೂರ ಸಾಗಿದ ನಾಯಿ. ನೀವು ಹಗ್ಗ ಹಿಡಿದು ಹೊರಟಾಗ ಅದು ಎಳೆಯುವುದು ಹಟಮಾರಿತನ ಅಂದುಕೊಳ್ಳಬೇಡಿ, ಅದರ ರಕ್ತದಲ್ಲಿರುವುದೇ ಅದು. ಬೇಲಿ ಹಾರುವುದರಲ್ಲೂ ಅಡಿಯಲ್ಲಿ ಬಗೆದು ಪರಾರಿಯಾಗುವುದರಲ್ಲೂ ನಿಸ್ಸೀಮ. ಬೀಗಲ್ ಹಿಂಡಿನಲ್ಲಿ ಮೊಲದ ವಾಸನೆ ಹಿಡಿದು ಓಡುತ್ತಿದ್ದ ತಳಿ. ಮೂಗು ನೆಲಕ್ಕಿಟ್ಟರೆ ಕಿವಿ ಮುಚ್ಚಿಕೊಂಡಂತೆಯೇ, ನೀವೆಷ್ಟು ಕೂಗಿದರೂ ಅಷ್ಟೇ. ಹಿಂದೆ ಬರುವ ಬೇಟೆಗಾರನಿಗೆ ದೂರದಿಂದ ಕೇಳಲೆಂದೇ ಅದರ ದನಿಯನ್ನು ಬೆಳೆಸಿದ್ದು; ಗೋಡೆಗೆ ಗೋಡೆ ಅಂಟಿಕೊಂಡ ಮನೆಗಳಲ್ಲಿ ಅದೇ ದನಿ ಜಗಳ ತರುತ್ತದೆ. ಡ್ಯಾಶ್‌ಹುಂಡ್ ಮತ್ತು ಟೆರಿಯರ್‌ಗಳು ಬಿಲಕ್ಕೆ ನುಗ್ಗಿ ಪ್ರಾಣಿ ಹಿಡಿಯುತ್ತಿದ್ದವು. ಹೂವಿನ ಪಾತಿ ನಿಮಗೆ ಪ್ರಿಯವಾಗಿದ್ದರೆ ಅವು ಬೇಡ. ಕುರಿಹಿಂಡಿನ ಜೊತೆ ರಾತ್ರಿಯೆಲ್ಲ ಎಚ್ಚರವಿದ್ದು ತೋಳ ಓಡಿಸುತ್ತಿದ್ದ ಗ್ರೇಟ್ ಪಿರನೀಸ್‌ನಂಥ ಕಾವಲು ತಳಿಗಳು ನಡುರಾತ್ರಿ ಬೊಗಳುವುದು ಸಹಜ.

ಲ್ಯಾಬ್ರಡಾರ್ ಬೇಟೆಯ ಹಕ್ಕಿಯನ್ನು, ನೀರಿಗೆ ಬಿದ್ದದ್ದನ್ನು ಬಾಯಲ್ಲಿ ಕಚ್ಚಿ ತರುತ್ತಿದ್ದ ನಾಯಿ. ಹಾಗಾಗಿ ಎರಡು ವರ್ಷ ತುಂಬುವವರೆಗೆ ಚಪ್ಪಲಿ, ರಿಮೋಟು ಎಲ್ಲವೂ ಬಾಯಿಗೇ ಹೋಗುತ್ತವೆ. ಇವುಗಳಲ್ಲಿ ಸುಮಾರು ಕಾಲು ಭಾಗಕ್ಕೆ ಪಿಓಎಂಸಿ ಎಂಬ ಜೀನ್‌ನಲ್ಲಿ ಒಂದು ತುಣುಕು ಕಡಿಮೆಯಿರುವುದನ್ನು ಕೇಂಬ್ರಿಜ್ ಸಂಶೋಧಕರು 2016ರಲ್ಲಿ ಕಂಡುಕೊಂಡರು. ಅಂಥ ನಾಯಿಗಳಿಗೆ ಹಸಿವು ಜಾಸ್ತಿ, ತೂಕವೂ ಜಾಸ್ತಿ. ಮನೆಯಲ್ಲಿ ಪ್ರತಿಯೊಬ್ಬರೂ ಒಂದೊಂದು ತುತ್ತು ಕೊಡುವ ರೂಢಿಯಿದ್ದರೆ ಲ್ಯಾಬ್ ಉರುಳುವಂತಾಗುವುದು ಖಂಡಿತ.

ನನ್ನ ಮೆಚ್ಚಿನ ಅಚ್ಚರಿ ಗ್ರೇಹೌಂಡ್. ಗಂಟೆಗೆ 60 ಕಿಲೊಮೀಟರ್ ಮೀರಿ ಓಡುತ್ತದೆಂದು ಕೇಳಿ ಜನ ಹೆದರುತ್ತಾರೆ. ಅದು ಓಡುವುದು ನಿಮಿಷದೊಳಗೆ ಮುಗಿಯುವ ಓಟ. ಉಳಿದ ಹೊತ್ತೆಲ್ಲ ಕಾಲು ಚಾಚಿ ಮಲಗುವ ಮಹಾ ಸೋಮಾರಿ. ಶಾಂತ ಸ್ವಭಾವದವರಿಗೆ ನಾನು ಮೊದಲು ಹೇಳುವ ಹೆಸರು ಇದೇ. ಮನೆಯಲ್ಲಿ ಬೆಕ್ಕೋ ಮೊಲವೋ ಇದ್ದರೆ ಮಾತ್ರ ಹೇಳುವುದಿಲ್ಲ. ಮುಧೋಳವೂ ಇದೇ ಬಗೆಯ, ಕಣ್ಣಿನಿಂದ ಬೇಟೆ ಹಿಡಿಯುವ ತಳಿ. ಅದಕ್ಕೆ ಕಾಲು ಬಿಚ್ಚಿ ಓಡಲು ಬೇಲಿ ಹಾಕಿದ ಬಯಲು ಬೇಕೇ ಬೇಕು.

ಕವಾಲಿಯರ್ ಕಿಂಗ್ ಚಾರ್ಲ್ಸ್ ಸ್ಪ್ಯಾನಿಯಲ್‌ನಂಥ ಮಡಿಲ ನಾಯಿಗಳಿಗೆ ಕೆಲಸವೇ ಇಲ್ಲ ಎಂದು ತಿಳಿಯಬೇಡಿ. ಮನುಷ್ಯರ ಪಕ್ಕ ಇರುವುದೇ ಅವುಗಳ ಕೆಲಸ. ಹತ್ತು ಗಂಟೆ ಬೀಗ ಹಾಕಿರುವ ಮನೆಗೆ ‘ಚಿಕ್ಕ ನಾಯಿ ಸಾಕು’ ಎಂದು ಇವನ್ನು ತರುವುದು ದೊಡ್ಡ ತಪ್ಪು.

ಇಷ್ಟೆಲ್ಲ ಹೇಳಿದ ಮೇಲೂ ಒಂದು ಮಾತು. 18,000ಕ್ಕೂ ಹೆಚ್ಚು ನಾಯಿಗಳನ್ನು ಒಳಗೊಂಡು 2022ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ನಾಯಿಯಿಂದ ನಾಯಿಗೆ ಕಾಣುವ ನಡವಳಿಕೆಯ ವ್ಯತ್ಯಾಸದಲ್ಲಿ ತಳಿಯಿಂದ ಬಂದದ್ದು ಸುಮಾರು ಶೇ 9 ಮಾತ್ರ. ಹೇಳಿದ ಮಾತು ಕೇಳುವ ಗುಣದಲ್ಲಿ ತಳಿಯ ಪಾಲು ತುಸು ಹೆಚ್ಚು, ಬೇಗ ರೇಗುವ ಗುಣದಲ್ಲಿ ತೀರಾ ಕಡಿಮೆ. ಆದ್ದರಿಂದ ತಳಿಯ ಹೆಸರಿನಿಂದ ಪಟ್ಟಿಯನ್ನು ಮೂರಕ್ಕೆ ಇಳಿಸಿ. ಆ ಮೂರರೊಳಗೆ ನಾಯಿಯನ್ನೇ ಕಂಡು ಆರಿಸಿ. ಹತ್ತು ಪ್ರಶ್ನೆ ಕೇಳಿ ‘ನಿಮ್ಮ ತಳಿ ಇದು’ ಎಂದು ಹೇಳುವ ಆನ್‌ಲೈನ್ ಪರೀಕ್ಷೆಗಳಿವೆಯಲ್ಲ, ಕಾಲಹರಣಕ್ಕೆ ಪರವಾಗಿಲ್ಲ.

ಹೆಜ್ಜೆ 3: ಕೂದಲಿನ ಲೆಕ್ಕ

ಕೂದಲು ಉದುರುವ ನಾಯಿ, ಕೂದಲು ಬೆಳೆಯುವ ನಾಯಿ, ಎರಡರಲ್ಲಿ ಒಂದನ್ನು ಆರಿಸಲೇಬೇಕು. ಜರ್ಮನ್ ಶೆಫರ್ಡ್, ಹಸ್ಕಿಗಳ ಎರಡು ಪದರದ ಕೂದಲು ಮನೆಯೆಲ್ಲ ಹರಡುತ್ತದೆ. ಪೂಡಲ್‌ನದು ಅಷ್ಟಾಗಿ ಉದುರುವುದಿಲ್ಲ, ಬೆಳೆಯುತ್ತಲೇ ಹೋಗುತ್ತದೆ. ಆರು ವಾರಕ್ಕೊಮ್ಮೆಯಾದರೂ ಕತ್ತರಿಸಬೇಕು. ಬಾಚುವಾಗ ಮೇಲ್ಮೇಲೆ ಬ್ರಷ್ ಆಡಿಸಿ ಮುಗಿಸುವವರೇ ಜಾಸ್ತಿ. ಕಿವಿಯ ಹಿಂದೆ, ಕಂಕುಳಲ್ಲಿ, ಕೊರಳಪಟ್ಟಿಯ ಅಡಿಯಲ್ಲಿ ಕೂದಲು ಬಿಡಿಸಿ, ಚರ್ಮ ಕಾಣುವಂತೆ ಬೈತಲೆ ತೆಗೆದು, ಲೋಹದ ಬಾಚಣಿಗೆ ಬುಡದಿಂದ ತುದಿಯವರೆಗೆ ತಡೆಯಿಲ್ಲದೆ ಇಳಿಯುತ್ತದೆಯೇ ನೋಡಬೇಕು. ಇಳಿಯದಿದ್ದರೆ ಒಳಗೆ ಸಿಕ್ಕುಗಟ್ಟಿದೆ ಎಂದರ್ಥ; ಸ್ನಾನ ಮಾಡಿಸಿದರೆ ಅದು ಇನ್ನೂ ಬಿಗಿಯುತ್ತದೆ.

‘ಅಲರ್ಜಿ ಮಾಡದ ತಳಿ’ ಎಂಬುದು ವ್ಯಾಪಾರದ ಮಾತು. ಅಲರ್ಜಿ ತರುವ ಪ್ರೋಟೀನು ನಾಯಿಯ ಜೊಲ್ಲಿನಲ್ಲಿದೆ, ಚರ್ಮದ ಹೊಟ್ಟಿನಲ್ಲಿದೆ. ಕೂದಲು ಉದುರದಿದ್ದರೂ ಅದು ಇರುತ್ತದೆ. ಆಸ್ಟ್ರೇಲಿಯಾದ ವಾಲಿ ಕಾನ್ರನ್ 1980ರ ದಶಕದ ಕೊನೆಯಲ್ಲಿ ಲ್ಯಾಬ್ರಡಾರ್ ಮತ್ತು ಪೂಡಲ್ ಕೂಡಿಸಿ ಲ್ಯಾಬ್ರಡೂಡಲ್ ಬೆಳೆಸಿದ್ದು, ಗಂಡನಿಗೆ ಅಲರ್ಜಿಯಿದ್ದ ಅಂಧ ಮಹಿಳೆಗೆ ಮಾರ್ಗದರ್ಶಿ ನಾಯಿ ಬೇಕಿದ್ದಾಗ. ಹುಟ್ಟಿದ ಮೂರು ಮರಿಗಳಲ್ಲಿ ಆ ಗಂಡನಿಗೆ ಹೊಂದಿದ್ದು ಒಂದೇ. ಆಮೇಲೆ ಎಲ್ಲರೂ ಡೂಡಲ್ ಮಾರತೊಡಗಿದ್ದನ್ನು ಕಂಡು ಅವರೇ ನೊಂದುಕೊಂಡರು. ಮನೆಯಲ್ಲಿ ಅಲರ್ಜಿ ಇದ್ದವರಿದ್ದರೆ, ತರಬೇಕೆಂದಿರುವ ಅದೇ ನಾಯಿಯ ಜೊತೆ ಬೇರೆ ಬೇರೆ ದಿನ ಗಂಟೆಗಟ್ಟಲೆ ಕೂತು ನೋಡಲಿ.

ಹೆಜ್ಜೆ 4: ಆರೋಗ್ಯ ಮತ್ತು ಆಯಸ್ಸು

ಪಗ್, ಫ್ರೆಂಚ್ ಬುಲ್‌ಡಾಗ್‌ಗಳನ್ನು ನಾನು ಶಿಫಾರಸು ಮಾಡುವುದೇ ಇಲ್ಲ. ನಾಯಿ ಮೈ ತಂಪು ಮಾಡಿಕೊಳ್ಳುವುದು ಮುಖ್ಯವಾಗಿ ಏದುಸಿರಿನಿಂದ. ಮೂತಿ ಚಪ್ಪಟೆಯಾದರೆ ಗಾಳಿಯ ದಾರಿಯೇ ಇಕ್ಕಟ್ಟು. ಗೊರಕೆ ಮುದ್ದಾಗಿದೆ ಎಂದು ನಗುವ ಹೊತ್ತಿನಲ್ಲಿ ಅದು ಉಸಿರಿಗೆ ಒದ್ದಾಡುತ್ತಿರಬಹುದು. ಡ್ಯಾಶ್‌ಹುಂಡ್‌ಗೆ ಬೆನ್ನುಮೂಳೆಯ ಡಿಸ್ಕ್ ತೊಂದರೆ, ಕವಾಲಿಯರ್‌ಗೆ ಹೃದಯದ ಕವಾಟದ ತೊಂದರೆ, ಜರ್ಮನ್ ಶೆಫರ್ಡ್‌ಗೆ ಸೊಂಟದ ಕೀಲಿನ ತೊಂದರೆ ಹೆಚ್ಚು. ದೊಡ್ಡ ದೇಹದ ತಳಿಗಳಿಗೆ ಆಯಸ್ಸು ಕಡಿಮೆ: ಗ್ರೇಟ್ ಡೇನ್ ಹತ್ತು ದಾಟುವುದು ಅಪರೂಪ, ಸಣ್ಣ ತಳಿಗಳು ಹದಿನಾಲ್ಕು ಕಳೆಯುವುದುಂಟು. ‘ಟೀಕಪ್’ ಎಂದು ಅಂಗೈಯಲ್ಲಿ ಇಟ್ಟು ತೋರಿಸುವ ಮರಿ ಯಾವ ತಳಿಯೂ ಅಲ್ಲ.

ಹೆಜ್ಜೆ 5: ಮರಿಯೇ ಬೇಕೇ?

ಮೊದಲ ಸಲ ಸಾಕುವವರು ಬೆಳೆದ ನಾಯಿಯನ್ನೇ ತನ್ನಿ. ಅದರ ಗಾತ್ರ, ಕೂದಲು, ಸ್ವಭಾವ ಎಲ್ಲ ಎದುರಿಗೇ ಇರುತ್ತದೆ. ಮಿಶ್ರತಳಿಯಾದರಂತೂ ಊಹೆಯ ಕಾಟವೇ ಇಲ್ಲ. ಎರಡು ತಿಂಗಳ ಮರಿ ಎರಡು ಮೂರು ಗಂಟೆಗಿಂತ ಹೆಚ್ಚು ಮೂತ್ರ ತಡೆಯಲಾರದು. ಹುಟ್ಟಿದ ಮೂರನೇ ವಾರದಿಂದ ಹದಿನಾಲ್ಕನೇ ವಾರದೊಳಗೆ ಅದು ಬಗೆಬಗೆಯ ಜನ, ಸದ್ದು, ನೆಲ, ಪ್ರಾಣಿಗಳನ್ನು ಕಂಡು ರೂಢಿಯಾಗಬೇಕು. ಆ ಹೊತ್ತು ಜಾರಿದರೆ ಮುಂದೆ ಛತ್ರಿ ಬಿಚ್ಚಿದರೂ ಬೆದರುವ ನಾಯಿಯಾಗುತ್ತದೆ. ಇದನ್ನೆಲ್ಲ ಮಾಡಲು ಪುರಸೊತ್ತಿದ್ದರೆ ಮರಿ ತನ್ನಿ.

ಹೆಜ್ಜೆ 6: ಹೋಗಿ ನೋಡಿ

ಮರಿಯಾದರೆ ತಾಯಿಯನ್ನು ಮರಿಗಳ ಜೊತೆಯಲ್ಲೇ, ಅವು ಬೆಳೆದ ಜಾಗದಲ್ಲೇ ನೋಡಬೇಕು. ‘ತಾಯಿ ಊರಲ್ಲಿದೆ’, ‘ದಾರಿಯಲ್ಲೇ ತಂದುಕೊಡುತ್ತೇವೆ’ ಎಂದರೆ ವಾಪಸು ಹೊರಡಿ. ಎಂಟು ವಾರ ತುಂಬದ ಮರಿ ಕೊಡುವವರ ಬಳಿ, ‘ಅಪರೂಪದ ಬಣ್ಣ’ ಎಂದು ದರ ಏರಿಸುವವರ ಬಳಿ ವ್ಯವಹಾರ ಬೇಡ. ಮರ್ಲ್ (ತಿಳಿ ಮೈಮೇಲೆ ಗಾಢ ಮಚ್ಚೆಗಳ) ಬಣ್ಣದ ತಂದೆಗೆ ಮರ್ಲ್ ಬಣ್ಣದ ತಾಯಿಯನ್ನು ಕೂಡಿಸಿದಾಗ ಕಿವುಡು, ಕುರುಡು ಮರಿಗಳು ಹುಟ್ಟುವ ಅಪಾಯವಿದೆ. ತಾಯಿ ನಿಮ್ಮನ್ನು ಕಂಡು ಮೂಲೆಗೆ ಸರಿದರೆ ಮರಿ ಎಷ್ಟೇ ಚೆಂದವಿದ್ದರೂ ಬಿಡಿ.

ಬೆಳೆದ ನಾಯಿಯಾದರೆ ನೀವೇ ಹಗ್ಗ ಹಿಡಿದು ಅರ್ಧ ಗಂಟೆ ನಡೆಸಿ. ತಿನ್ನುವಾಗ ಹತ್ತಿರ ಹೋದರೆ ಹೇಗೆ, ಒಂಟಿಯಾಗಿ ಬಿಟ್ಟರೆ ಹೇಗೆ ಎಂದು ಸಾಕುತ್ತಿರುವವರನ್ನು ಕೇಳಿ. ಸದ್ದು ಮಾಡಿದರೆ ಶಾಕ್ ಕೊಡುವ ಪಟ್ಟಿ ಹಾಕಿ ‘ಬೊಗಳುವುದೇ ಇಲ್ಲ’ ಎಂದು ತೋರಿಸುವವರಿದ್ದಾರೆ, ಕೊರಳನ್ನೊಮ್ಮೆ ತಡವಿ ನೋಡಿ. ಮೊದಲ ಭೇಟಿಗೆ ದುಡ್ಡನ್ನೂ ಮಕ್ಕಳನ್ನೂ ಮನೆಯಲ್ಲೇ ಬಿಟ್ಟು ಹೋಗಿ.