ಮುದ್ದೆ ನುಂಗುವವರ ನಿಧಾನದ ಊಟ

ನಿಧಾನವಾಗಿ ಊಟ ಮಾಡುವುದು ಹೇಗೆ ಅಂತ ಯಾರನ್ನು ಕೇಳಿದರೂ ಮೊದಲ ಮಾತು ಒಂದೇ: ಚೆನ್ನಾಗಿ ಅಗಿಯಿರಿ. ತುತ್ತಿಗೆ 32 ಸಲ. ಅಮೆರಿಕದಲ್ಲಿ ಹೊರೇಸ್ ಫ್ಲೆಚರ್ (1849–1919) ಅಂತ ಒಬ್ಬನಿದ್ದ. ತುತ್ತು ಬಾಯಲ್ಲೇ ನೀರಾಗುವವರೆಗೆ ಅಗಿಯಬೇಕು ಅಂತ ಸಾರಿ, ಅದರಿಂದಲೇ ಹೆಸರಾದ. ಅವನನ್ನು ನಮ್ಮ ಪಾಂಡವಪುರದ ಕಡೆಗೆ ಕರೆತಂದು, ಎದುರಿಗೆ ಬಿಸಿ ಹಿಟ್ಟು (ರಾಗಿ ಮುದ್ದೆಗೆ ನಾವು ಹಾಗನ್ನುತ್ತೇವೆ), ಉಪ್ಸಾರು ಇಟ್ಟಿದ್ದರೆ ಏನು ಮಾಡುತ್ತಿದ್ದನೋ! ನಾವು ಮುದ್ದೆಯನ್ನು ಅಗಿಯುವುದೇ ಇಲ್ಲ. ಮುರಿಯುತ್ತೇವೆ, ಸಾರಿನಲ್ಲಿ ಹೊರಳಿಸುತ್ತೇವೆ, ನುಂಗುತ್ತೇವೆ. ಅಗಿದರೆ ಹಲ್ಲಿಗೆ ಅಂಟುತ್ತದೆ, ಅಷ್ಟೇ.

ಹಾಗಾಗಿ ಈ ಅಗಿಯುವ ಉಪದೇಶ ನನಗೆ ಹತ್ತಲಿಲ್ಲ. ಆದರೆ ನಿಧಾನದ ಊಟ ಮಾತ್ರ ಬೇಕಿತ್ತು. ಮೈಸೂರಿನ ನಮ್ಮ ಮನೆಯಲ್ಲಿ ಯಜಮಾನರು ಟಿವಿ ಮುಂದೆ, ಮಗ ಮೊಬೈಲ್ ಹಿಡಿದು, ಅತ್ತೆ ಎಲ್ಲರಿಗಿಂತ ಮುಂಚೆ, ನಾನು ಕೊನೆಗೆ ಒಲೆ ಪಕ್ಕ ನಿಂತು. ಹೀಗೆ ನಡೆಯುತ್ತಿತ್ತು. ಅಡುಗೆಗೆ ಹಿಡಿದ ಹೊತ್ತಿನ ಕಾಲು ಭಾಗವೂ ಉಣ್ಣುವುದಕ್ಕೆ ಹಿಡಿಯುತ್ತಿರಲಿಲ್ಲ.

ನುಂಗಿದರೆ ಜೀರ್ಣ ಆಗುತ್ತದಾ ಅಂತ ಕೇಳುವವರಿದ್ದಾರೆ. ಪಿಷ್ಟ ಒಡೆಯುವ ಅಮೈಲೇಸ್ ಜೊಲ್ಲಿನಲ್ಲಿರುವುದು ನಿಜ. ಆದರೆ ಆ ಕೆಲಸದ ದೊಡ್ಡ ಪಾಲು ನಡೆಯುವುದು ಸಣ್ಣ ಕರುಳಿನಲ್ಲಿ. ಮುದ್ದೆಯೋ, ಚೆನ್ನಾಗಿ ಬೆಂದು ನುಣ್ಣಗಾಗಿರುವ ಪದಾರ್ಥ. ಮುಖ್ಯವಾದದ್ದು ಬೇರೆ ಇದೆ. ಹೊಟ್ಟೆ ತುಂಬಿತು ಅನ್ನುವ ಸುದ್ದಿ ಹೊಟ್ಟೆ, ಕರುಳಿನಿಂದ ಮಿದುಳಿಗೆ ಮುಟ್ಟಲು ಸುಮಾರು 20 ನಿಮಿಷ ಬೇಕು ಅನ್ನುತ್ತಾರೆ. ಅಷ್ಟರೊಳಗೆ ಊಟ ಮುಗಿಸಿದವರು ಇನ್ನೂ ಹಸಿವಿದೆ ಅಂದುಕೊಂಡು ಮತ್ತೆ ಬಡಿಸಿಕೊಳ್ಳುತ್ತಾರೆ. ಅಂದರೆ ನಮ್ಮಂಥವರಿಗೆ ನಿಧಾನ ಬರಬೇಕಾದದ್ದು ತುತ್ತಿನ ಒಳಗಲ್ಲ, ತುತ್ತು ತುತ್ತಿನ ನಡುವೆ.

ನಾನು ಶುರು ಮಾಡಿದ್ದು ಉಪ್ಸಾರಿನಿಂದ. ಇದರಷ್ಟು ಕೈಗೆ ಕೆಲಸ ಕೊಡುವ ಊಟ ಇನ್ನೊಂದಿಲ್ಲ. ದಂಟಿನ ಸೊಪ್ಪೋ ಕಿಲ್ಕೀರೆಯೋ, ಜೊತೆಗೆ ಅಲಸಂದೆಯೋ ಹುರುಳಿಕಾಳೋ ಬೇಯಿಸಿ ಬಸಿದುಕೊಂಡರೆ ಆ ಕಟ್ಟೇ ಸಾರು. ಅದಕ್ಕೆ ಉಪ್ಪು ಬಿಟ್ಟು ಏನೂ ಹಾಕುವುದಿಲ್ಲ. ಖಾರ ಬೇರೆ: ಹುರಿದ ಒಣಮೆಣಸಿನಕಾಯಿ, ಬೆಳ್ಳುಳ್ಳಿ, ಜೀರಿಗೆ, ಮೆಣಸು, ಹುಣಸೆಹಣ್ಣು, ಉಪ್ಪು. ಮಿಕ್ಸಿಯಲ್ಲೂ ಆಗುತ್ತದೆ. ಒರಳಲ್ಲಿ ಅರೆದದ್ದರ ರುಚಿಯೇ ಬೇರೆ, ಈ ವಿಷಯದಲ್ಲಿ ನಾನು ರಾಜಿ ಆಗುವುದಿಲ್ಲ. ಬಸಿದ ಸೊಪ್ಪು ಕಾಳಿಗೆ ಒಗ್ಗರಣೆ ಕೊಟ್ಟರೆ ಪಲ್ಯ. ತಟ್ಟೆಗೆ ಬಂದಾಗ ಎಲ್ಲವೂ ಬಿಡಿಬಿಡಿ. ಖಾರ ಎಷ್ಟು ಕಲೆಸಬೇಕು ಅನ್ನುವುದು ಉಣ್ಣುವವರಿಗೆ ಬಿಟ್ಟದ್ದು. ಚೂರು ಕಲೆಸಿ, ನೆಕ್ಕಿ ನೋಡಿ, ಸಾಲದು ಅಂತ ಇನ್ನೊಂದು ಚೂರು. ಇನ್ನೊಂದು ಕೈಯಲ್ಲಿ ಮೊಬೈಲ್ ಹಿಡಿದು ಇದನ್ನು ಮಾಡಿ ನೋಡಿ! ಮಗನಿಗೆ ಮೊಬೈಲ್ ಬಿಡು ಅಂತ ನಾನು ಹೇಳಲೇ ಇಲ್ಲ. ಕೈಗೆ ಖಾರ ಮೆತ್ತಿಕೊಂಡ ಮೇಲೆ ಅವನೇ ಪಕ್ಕಕ್ಕಿಟ್ಟ.

ಹಿಟ್ಟಿನ ವಿಷಯಕ್ಕೆ ಬಂದಾಗ ಅಸಲಿ ತೊಡಕು ಸಿಕ್ಕಿತು. ಒಂದು ಲೋಟ ಹಿಟ್ಟಿಗೆ ಎರಡು ಲೋಟ ನೀರು. ಎಸರು ಕುದಿಯುವಾಗ ಹಿಟ್ಟನ್ನು ನಡುವೆ ಗುಡ್ಡೆಯಾಗಿ ಸುರಿದು, ಕೋಲಿನಿಂದ ಒಂದು ತೂತು ಮಾಡಿ, ಉರಿ ತಗ್ಗಿಸಿ ಸುಮ್ನೆ ಬಿಡಬೇಕು. ಆಮೇಲೆ ಗಂಟಿಲ್ಲದ ಹಾಗೆ ತೊಳಸಬೇಕು. ಒದ್ದೆ ಕೈಯಲ್ಲಿ ಮುಟ್ಟಿದಾಗ ಅಂಟದಿದ್ದರೆ ಬೆಂದಿದೆ ಅಂತ ಲೆಕ್ಕ. ಇಲ್ಲಿಯವರೆಗೆ ಸರಿ. ಆದರೆ ಮುದ್ದೆ ಕಾಯುವುದಿಲ್ಲ. ಆರಿದರೆ ಗಟ್ಟಿ, ಮೇಲೆ ಕೆನೆ ಕಟ್ಟಿದ ಹಾಗೆ ಸಿಪ್ಪೆ ಬೇರೆ. ಒಬ್ಬರು ಬಡಿಸಿ ಇನ್ನೊಬ್ಬರು ಉಣ್ಣುವ ಮನೆಯಲ್ಲಿ ಬಡಿಸುವವರಿಗೆ ಸಿಗುವುದು ಯಾವಾಗಲೂ ತಣ್ಣನೆ ಮುದ್ದೆ.

ಹಳ್ಳಿ ಮನೆಗಳ ನೆಮ್ಮದಿಯ ಊಟದ ಬಗ್ಗೆ ಜನ ತುಂಬಾ ಚೆನ್ನಾಗಿ ಮಾತಾಡುತ್ತಾರೆ. ನಾನೂ ಕಂಡಿದ್ದೇನೆ ಆ ಊಟ. ಅಪ್ಪ, ದೊಡ್ಡಪ್ಪ ಪಡಸಾಲೆಯಲ್ಲಿ ಕೂತು ನಾಲೆ ನೀರು, ಕಬ್ಬಿನ ರೇಟು ಮಾತಾಡುತ್ತಾ ಆರಾಮಾಗಿ ಉಣ್ಣುತ್ತಿದ್ದರು. ಅಮ್ಮ ಆಮೇಲೆ ಅಡುಗೆಮನೆಯಲ್ಲಿ ಗಬಗಬ ನುಂಗಿ ಪಾತ್ರೆಗೆ ಏಳುತ್ತಿದ್ದರು. ಅವರ ನಿಧಾನ ನಿಂತಿದ್ದು ಇವರ ಅವಸರದ ಮೇಲೆ, ಅಲ್ವಾ? ಅಂಥ ನಿಧಾನ ನನ್ನ ಮನೆಗೆ ಬೇಡ ಅಂತ ತೀರ್ಮಾನಿಸಿದೆ.

ಈಗ ನಾವು ಮಾಡುವುದು ಹೀಗೆ. ಪಾತ್ರೆಗಳನ್ನೆಲ್ಲ ತಂದು ನಡುವೆ ನೆಲದ ಮೇಲೆ ಇಡುತ್ತೇವೆ. ಸುತ್ತ ಎಲ್ಲರೂ ಕೂರುತ್ತೇವೆ. ಅತ್ತೆಗೆ ಮಂಡಿ ನೋವು, ಅವರಿಗೊಂದು ಗಿಡ್ಡ ಸ್ಟೂಲು. ಎಲ್ಲ ಮುದ್ದೆಯನ್ನೂ ಮೊದಲೇ ಕಟ್ಟುವುದಿಲ್ಲ. ಹಿಟ್ಟು ಬಿಸಿ ಪಾತ್ರೆಯಲ್ಲೇ ಮುಚ್ಚಿರುತ್ತದೆ. ಬೇಕಾದವರು ಬೇಕಾದಾಗ ಕಟ್ಟಿಕೊಳ್ಳಬೇಕು, ಅದೂ ದೊಡ್ಡ ನಿಂಬೆಹಣ್ಣಿನ ಗಾತ್ರಕ್ಕೆ. ಅತ್ತೆ ತಕ್ಷಣ ತಕರಾರು ಎತ್ತಿದರು: ಉಂಡ ಕೈಯಲ್ಲಿ ಹಿಟ್ಟು ಮುಟ್ಟಿದರೆ ಎಂಜಲು. ದಾರಿ ತೋರಿಸಿದ್ದೂ ಅವರೇ. ಒದ್ದೆ ಮಾಡಿದ ಬಟ್ಟಲಿಗೆ ಮರದ ಸೌಟಿನಿಂದ ಹಿಟ್ಟು ಹಾಕಿ, ಎಡಗೈಯಲ್ಲಿ ಬಟ್ಟಲನ್ನು ಗಿರಗಿರ ಅಲ್ಲಾಡಿಸಿದರೆ ಮುದ್ದೆ ತಾನೇ ಉಂಡೆಯಾಗುತ್ತದೆ. ಮೊದಮೊದಲು ಯಜಮಾನರ ಮುದ್ದೆ ಬಟ್ಟಲಿನಿಂದ ಹಾರಿ ಚಾಪೆಗೆ ಬೀಳುತ್ತಿತ್ತು. ಈಗ ಪಳಗಿದ್ದಾರೆ.

ಇದರಿಂದ ಎರಡು ಕೆಲಸ ಒಟ್ಟಿಗೆ ಆದವು. ಎಲ್ಲರಿಗೂ ಬಿಸಿ ಮುದ್ದೆ, ನನಗೂ. ಇನ್ನೊಂದು ಬೇಕಾದರೆ ತಾವೇ ಕಟ್ಟಬೇಕಾದ್ದರಿಂದ ಊಟದ ನಡುವೆ ತಾನಾಗಿ ಒಂದು ಬಿಡುವು. ಎಷ್ಟೋ ಸಲ ಆ ಬಿಡುವಲ್ಲೇ ಸಾಕು ಅನಿಸುತ್ತದೆ. ಮಾತೂ ಹೊರಡುತ್ತದೆ. ಹೆಚ್ಚಿನದು ಸುಮ್ನೆ ಹರಟೆ, ಪಕ್ಕದ ಮನೆ ನಾಯಿ, ಆಫೀಸಿನ ಕಥೆ. ಟಿವಿ ಹಾಕುವ ನೆನಪಾಗುವುದು ಕೈ ತೊಳೆದ ಮೇಲೆ.

ಊಟದ ಕೊನೆಗೆ ಹಣ್ಣು. ಭಾನುವಾರ ದೇವರಾಜ ಮಾರುಕಟ್ಟೆಗೆ ಹೋದರೆ ನಂಜನಗೂಡು ರಸಬಾಳೆ ಹುಡುಕುತ್ತೇನೆ. ಸೊರಗು ರೋಗ ಬಂದ ಮೇಲೆ ಬೆಳೆಯುವವರು ಕಡಿಮೆ, ಹೆಸರು ಹೇಳಿ ಬೇರೆ ಬಾಳೆ ಕೊಡುವವರು ಜಾಸ್ತಿ. ಸಿಕ್ಕರೆ ಅಂದೇ ತಿನ್ನುವುದಿಲ್ಲ. ಸಿಪ್ಪೆ ತೆಳ್ಳಗಾಗಿ ಕಪ್ಪು ಬೀಳುವವರೆಗೆ ಬಿಡಬೇಕು. ನೋಡಿದವರು ಕೊಳೆತಿದೆ ಅನ್ನುತ್ತಾರೆ. ಅನ್ನಲಿ, ನಮಗೇ ಜಾಸ್ತಿ ಉಳಿಯುತ್ತದೆ. ಅತ್ತೆ ಮಾತ್ರ ಹಣ್ಣಿಗಿಂತ ಮೈಸೂರು ಚಿಗುರೆಲೆ ಅನ್ನುವವರು. ಎಲೆಯ ತೊಟ್ಟು ಮುರಿದು, ಬೆನ್ನಿನ ನಾರು ಬಿಡಿಸಿ, ಸುಣ್ಣ ಸವರುವ ಅವರ ಕೆಲಸ ನಮ್ಮ ಇಡೀ ಊಟಕ್ಕಿಂತ ನಿಧಾನ.

ಇದೆಲ್ಲ ರಾತ್ರಿ ಊಟದ ಮಾತು, ಅದೂ ಎಲ್ಲರೂ ಮನೆಯಲ್ಲಿದ್ದಾಗ. ನೆಂಟರು ಬಂದರೆ ನಡುವೆ ಪಾತ್ರೆ ಇಡುವುದು ಮರ್ಯಾದೆ ಅಲ್ಲ ಅಂತ ಅತ್ತೆ ಹಳೆ ಪದ್ಧತಿಗೇ ಎಳೆಯುತ್ತಾರೆ. ಆಗ ಬಡಿಸುವ ಸರದಿ ಯಜಮಾನರದು. ಬೆಳಗಿನ ತಿಂಡಿಗಂತೂ ಈ ಯಾವ ಏರ್ಪಾಡೂ ನಡೆಯುವುದಿಲ್ಲ. ಮಗನ ಸ್ಕೂಲ್ ವ್ಯಾನು ಬೀದಿ ತಿರುವಿನಲ್ಲಿ ಹಾರ್ನ್ ಹೊಡೆಯುತ್ತಿರುತ್ತದೆ, ನಾನು ಒಂದು ಚಪ್ಪಲಿ ಹಾಕಿಕೊಂಡು ಇಡ್ಲಿ ತಿನ್ನುತ್ತಿರುತ್ತೇನೆ. ಅದಕ್ಕೆ ನನಗೇನೂ ಬೇಜಾರಿಲ್ಲ. ಮೃದುವಾದ ಇಡ್ಲಿಯನ್ನೂ ಹೆಚ್ಚು ಅಗಿಯಬೇಕಾಗಿಲ್ಲವಲ್ಲ.